ಮಾಳಿಗೆಯಿಂದ ಪುಡಿ ಉದುರಿದರೆ: ಸರ್ಕಾರಿ ಶಾಲಾ ಕಟ್ಟಡಗಳ ಪ್ರಶ್ನೋತ್ತರ

ನಿರ್ವಾಹಕರು: ಚಿಕ್ಕಬಳ್ಳಾಪುರ ಜಿಲ್ಲೆಯ ಸರ್ಕಾರಿ ಶಾಲೆಗಳ ಪೋಷಕರು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರ ಈ ಗುಂಪಿನಲ್ಲಿ ಇಂದು ಸಂಜೆ ನಿವೃತ್ತ ಸಿವಿಲ್ ಎಂಜಿನಿಯರ್ ಒಬ್ಬರು ಉತ್ತರಿಸುತ್ತಾರೆ. 2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ್ ಜಿಲ್ಲೆಯಲ್ಲಿ ಶಾಲೆಯ ಚಾವಣಿ ಕುಸಿದು ಏಳು ಮಕ್ಕಳು ತೀರಿಕೊಂಡ ಮೇಲೆ ಇಲ್ಲಿ ದಿನವೂ ಬಿರುಕಿನ ಚಿತ್ರಗಳು ಬರುತ್ತಿವೆ. ಒಬ್ಬರಿಗೆ ಒಂದೇ ಪ್ರಶ್ನೆ. ಚಿತ್ರ ಹಾಕಿ, ತಾಲ್ಲೂಕು ಬರೆಯಿರಿ, ಶಾಲೆಯ ಹೆಸರು ಬೇಡ.

ಶಿಡ್ಲಘಟ್ಟದ ಪೋಷಕಿ: ನನ್ನ ಮಗಳ ತರಗತಿಯಲ್ಲಿ ಗೋಡೆ ಮತ್ತು ಆರ್‌ಸಿಸಿ ಚಾವಣಿ ಸೇರುವಲ್ಲಿ ಉದ್ದಕ್ಕೂ ಅಡ್ಡ ಬಿರುಕು ಬಿಟ್ಟಿದೆ. ಅಪಾಯವೇ?

ಎಂಜಿನಿಯರ್: ಚಿತ್ರ ನೋಡಿದೆ. ಚಾವಣಿ ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಗೋಡೆ ಅಷ್ಟು ಚಲಿಸುವುದಿಲ್ಲ. ಹಾಗಾಗಿ ಎರಡೂ ಕೂಡುವ ಗೆರೆಯಲ್ಲಿ ಇಂಥ ಬಿರುಕು ಸಾಮಾನ್ಯ. ಅದು ಕೂದಲೆಳೆಯಷ್ಟೇ ಇದ್ದು, ಚಾವಣಿಯ ತಳದಲ್ಲಿ ತುಕ್ಕಿನ ಕಲೆ ಇಲ್ಲದಿದ್ದರೆ ಗಾಬರಿ ಬೇಡ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬಿರುಕು ಬೇರೆ ಮಾತು, ಅದು ಅಡಿಪಾಯ ಕುಸಿಯುತ್ತಿರುವುದರ ಗುರುತಾಗಿರಬಹುದು. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಿಂದ ಗೆರೆ ಹಾಕಿ ಪಕ್ಕದಲ್ಲಿ ದಿನಾಂಕ ಬರೆಯಿರಿ. ಗೆರೆ ದಾಟಿ ಬೆಳೆದರೆ ಬರವಣಿಗೆಯಲ್ಲಿ ತಿಳಿಸಿ.

ಚಿಂತಾಮಣಿಯ ಪೋಷಕ: ಸರ್, ನಮ್ಮ ಶಾಲೆಯಲ್ಲೂ ಗೋಡೆಗೆ ಬಿರುಕು ಇದೆ. ಅಪಾಯವೇ?

ಎಂಜಿನಿಯರ್: ಚಿತ್ರವಿಲ್ಲದೆ ಹೇಳಲಾರೆ. ಮೇಲಿನ ಉತ್ತರ ಓದಿ.

ಗುಡಿಬಂಡೆ ತಾಲ್ಲೂಕಿನ ಎಸ್‌ಡಿಎಂಸಿ ಸದಸ್ಯ: ನಮ್ಮದು ಹಳೆಯ ಕಲ್ಲು ಚಪ್ಪಡಿಯ ಮಾಳಿಗೆ. 2021ರ ನವೆಂಬರ್ ಮಳೆಯಲ್ಲಿ ಬಹಳ ಸೋರಿತು. ಊರಿನವರು ಹಣ ಕೂಡಿಸಿ ಚಪ್ಪಡಿಗಳ ಮೇಲೆ ಮೂರು ಅಂಗುಲ ಕಾಂಕ್ರೀಟ್ ಹಾಕಿಸಿದೆವು. ಸೋರುವುದು ನಿಂತಿತು. ಈಗ ನಡುವಿನ ಒಂದು ಚಪ್ಪಡಿಗೆ ಅಡ್ಡಲಾಗಿ ಗೀರು ಬಿದ್ದಿದೆ. ಮಕ್ಕಳ ಪುಸ್ತಕದ ಮೇಲೆ ಪುಡಿ ಉದುರುತ್ತದೆ ಎಂದು ನಾಲ್ಕನೇ ತರಗತಿಯ ಹುಡುಗನೊಬ್ಬ ಹೇಳಿದ. ಮೇಸ್ತ್ರಿ ಬಂದು ನೋಡಿ, ಕಲ್ಲಿಗೆ ಏನೂ ಆಗುವುದಿಲ್ಲ ಎಂದರು.

ಎಂಜಿನಿಯರ್: ಗೀರು ಚಪ್ಪಡಿಯ ಉದ್ದಕ್ಕೆ ಇದೆಯೋ ಅಗಲಕ್ಕೆ ಇದೆಯೋ? ಗೋಡೆಯಿಂದ ಗೋಡೆಗೆ ಎಷ್ಟು ಅಡಿ? ಆ ಕೊಠಡಿಯಲ್ಲಿ ಎಷ್ಟು ಮಕ್ಕಳು?

ಗುಡಿಬಂಡೆ ಸದಸ್ಯ: ಅಗಲಕ್ಕೆ, ಸರಿಯಾಗಿ ನಡುವೆ. ಕೊಠಡಿ 20 ಅಡಿ ಉದ್ದ, 18 ಅಡಿ ಅಗಲ. ಮಧ್ಯದಲ್ಲಿ ಒಂದು ಕಲ್ಲಿನ ತೊಲೆ ಇದೆ. ಮಕ್ಕಳು 34.

ಎಂಜಿನಿಯರ್: ಉಳಿದವರು ದಯವಿಟ್ಟು ಸ್ವಲ್ಪ ತಡೆಯಿರಿ, ಇದನ್ನು ಪೂರ್ತಿ ಬರೆಯುತ್ತೇನೆ.

ನಾಳೆ ಬೆಳಿಗ್ಗೆ ಆ ಕೊಠಡಿಯ ಬಾಗಿಲು ತೆರೆಯಬಾರದು. ಕಾರಣ ಹೇಳುತ್ತೇನೆ, ಮೇಸ್ತ್ರಿಗೂ ಓದಿಸಿ. ಕಲ್ಲನ್ನು ಒತ್ತಿದರೆ ಎಷ್ಟು ಭಾರವನ್ನಾದರೂ ತಾಳುತ್ತದೆ, ಎಳೆದರೆ ತಾಳುವುದಿಲ್ಲ. ಎರಡು ತುದಿಗೆ ಆಸರೆ ಕೊಟ್ಟ ಚಪ್ಪಡಿ ತನ್ನ ಭಾರಕ್ಕೇ ಸ್ವಲ್ಪ ಬಾಗುತ್ತದೆ. ಬಾಗಿದಾಗ ಅದರ ಮೇಲ್ಮೈ ಒತ್ತಿಕೊಳ್ಳುತ್ತದೆ, ತಳ ಎಳೆತಕ್ಕೆ ಸಿಗುತ್ತದೆ. ಆರ್‌ಸಿಸಿ ಚಾವಣಿಯಲ್ಲಿ ಆ ಎಳೆತವನ್ನು ಕಬ್ಬಿಣದ ಕಂಬಿ ಹೊರುತ್ತದೆ. ಅದು ಕೆಡುವಾಗಲೂ ಮೊದಲು ಜೋಲುತ್ತದೆ, ತುಂಡು ತುಂಡಾಗಿ ಉದುರುತ್ತದೆ, ಅನೇಕ ಸಲ ತಿಂಗಳುಗಟ್ಟಲೆ ಸೂಚನೆ ಕೊಡುತ್ತದೆ. ಚಪ್ಪಡಿಯಲ್ಲಿ ಕಂಬಿ ಇಲ್ಲ. ಅದು ಜೋಲುವುದಿಲ್ಲ, ನಿಂತಿರುವವರೆಗೆ ನೆಟ್ಟಗೆ ನಿಂತು ಒಂದೇ ಸಲಕ್ಕೆ ಮುರಿಯುತ್ತದೆ.

ನೀವು ಹಾಕಿಸಿದ ಕಾಂಕ್ರೀಟಿನ ಲೆಕ್ಕ ನೋಡಿ. 20 ಅಡಿಗೆ 18 ಅಡಿ ಎಂದರೆ ಸುಮಾರು 33 ಚದರ ಮೀಟರ್. ಮೂರು ಅಂಗುಲ ದಪ್ಪಕ್ಕೆ ಎರಡೂವರೆ ಘನ ಮೀಟರ್ ಕಾಂಕ್ರೀಟ್. ಒಂದು ಘನ ಮೀಟರ್ ಸುಮಾರು 2,400 ಕಿಲೋ ತೂಗುತ್ತದೆ. ಒಟ್ಟು ಆರು ಟನ್. ಕಟ್ಟಿದವರು ಈ ಆರು ಟನ್ನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಊರಿನವರನ್ನು ನಾನು ದೂರುವುದಿಲ್ಲ. ಸೋರುವ ಮಾಳಿಗೆಯ ಕೆಳಗೆ ಮಕ್ಕಳು ಕೂರುವುದನ್ನು ನೋಡಲಾಗದೆ ಕೈಯಿಂದ ಹಣ ಹಾಕಿದವರು ಅವರು. ಆದರೆ ಅಗಲಕ್ಕೆ ನಡುವೆ ಬಿದ್ದ ಗೀರು ತಳದ ಎಳೆತದಿಂದ ಬಂದದ್ದು ಎಂದೇ ನಾನು ಹಿಡಿಯುತ್ತೇನೆ. ಚಪ್ಪಡಿ ಇನ್ನೂ ಬೀಳದಿದ್ದರೆ ಅಕ್ಕಪಕ್ಕದ ಕಲ್ಲುಗಳ ಇಕ್ಕಟ್ಟು ಮತ್ತು ಮೇಲಿನ ಕಾಂಕ್ರೀಟು ಅದನ್ನು ಕಚ್ಚಿ ಹಿಡಿದಿವೆ ಎಂದು ಅರ್ಥ. ಆ ಕಾಂಕ್ರೀಟಿನಲ್ಲೂ ಕಂಬಿ ಇಲ್ಲ.

ಉದುರುವ ಪುಡಿ ಎಂದರೆ ಗೀರಿನ ಎರಡು ಮುಖಗಳು ಒಂದಕ್ಕೊಂದು ಉಜ್ಜುತ್ತಿವೆ, ಕಲ್ಲು ಚಲಿಸುತ್ತಿದೆ. ಝಾಲಾವಾಡ್‌ನಲ್ಲೂ ಕುಸಿಯುವ ಮೊದಲು ಕಲ್ಲಿನ ಚೂರು ಬೀಳುತ್ತಿದೆ ಎಂದು ಮಕ್ಕಳು ಹೇಳಿದ್ದರು ಎಂದು ವರದಿಯಾಗಿತ್ತು. ನಿಮ್ಮ ಶಾಲೆಯ ಆ ನಾಲ್ಕನೇ ತರಗತಿಯ ಹುಡುಗ ಕೊಟ್ಟಿರುವುದು ತಪಾಸಣಾ ವರದಿ. ಅದನ್ನು ಅವನ ಮಾತಿನಲ್ಲೇ, ದಿನಾಂಕ ಹಾಕಿ ಬರೆದಿಡಿ.

ಬಾಗೇಪಲ್ಲಿಯ ಸದಸ್ಯ: ಇದು ನನಗೆ ಬಂದ ಸಂದೇಶ. ಸುಣ್ಣ, ಬೆಲ್ಲದ ನೀರು, ಮೊಟ್ಟೆಯ ಬಿಳಿ ಕಲಸಿ ಬಿರುಕಿಗೆ ತುಂಬಿದರೆ ನೂರು ವರ್ಷ ಏನೂ ಆಗುವುದಿಲ್ಲವಂತೆ. ಹಿಂದಿನವರು ಹೀಗೆಯೇ ಕಟ್ಟಿದರು. ಎಲ್ಲರಿಗೂ ಕಳುಹಿಸಿ.

ಎಂಜಿನಿಯರ್: ಯಾರಿಗೂ ಕಳುಹಿಸಬೇಡಿ. ಹಳೆಯ ಗಾರೆಯಲ್ಲಿ ಸುಣ್ಣದ ಜೊತೆ ಬೆಲ್ಲ ಹಾಕುತ್ತಿದ್ದುದು ನಿಜ. ಅದು ನೀರು ತಡೆಯಲು, ಮುರಿದ ಕಲ್ಲನ್ನು ಹೊರಲು ಅಲ್ಲ. ಬಿರುಕಿಗೆ ಏನನ್ನಾದರೂ ಮೆತ್ತಿದರೆ ಅದು ಬೆಳೆಯುವುದು ಕಣ್ಣಿಗೆ ಕಾಣುವುದಿಲ್ಲ. ಪರೀಕ್ಷೆಗೆ ಬಂದ ಎಂಜಿನಿಯರ್‌ಗೂ ಕಾಣುವುದಿಲ್ಲ. ಮೂರು ವಾರಗಳಿಂದ ಇದೇ ಸಂದೇಶಕ್ಕೆ ಉತ್ತರ ಕೊಡುತ್ತಿದ್ದೇನೆ.

ಬಾಗೇಪಲ್ಲಿಯ ಸದಸ್ಯ: ಒಳ್ಳೆಯ ಉದ್ದೇಶದಿಂದ ಹಾಕಿದೆ, ಸರ್.

ಎಂಜಿನಿಯರ್: ಉದ್ದೇಶ ಚಾವಣಿಯನ್ನು ಹಿಡಿಯುವುದಿಲ್ಲ. ಗುಡಿಬಂಡೆಯವರಿಗೆ ಇನ್ನೊಂದು ಮಾತು: ನೀಲಗಿರಿ ಕಂಬ ತಂದು ಆ ಚಪ್ಪಡಿಗೆ ಊರುಗೋಲು ಕೊಡಲು ಹೋಗಬೇಡಿ. ತಪ್ಪು ಜಾಗದಲ್ಲಿ ಬೆಣೆ ಹೊಡೆದರೆ ಮೇಲಕ್ಕೆ ಒತ್ತಿ ನೀವೇ ಮುರಿದಂತಾಗುತ್ತದೆ, ಹೊಡೆಯುವವನು ಅದರ ಕೆಳಗೇ ನಿಂತಿರುತ್ತಾನೆ.

ಗೌರಿಬಿದನೂರಿನ ಪೋಷಕಿ: ನಮ್ಮ ಶಾಲೆಗೆ ಕಾಂಪೌಂಡ್ ಇಲ್ಲ, ನಾಯಿಗಳ ಕಾಟ. ಯಾರಿಗೆ ದೂರು ಕೊಡಬೇಕು?

ಗುಡಿಬಂಡೆ ಸದಸ್ಯ: ಸರ್, ಅರ್ಜಿ ಯಾರಿಗೆ ಕೊಡಬೇಕು? ಮುಖ್ಯ ಶಿಕ್ಷಕಿ ಸಹಿ ಮಾಡಲು ಹೆದರುತ್ತಿದ್ದಾರೆ. ಮೇಲಿನವರು ಕೇಳಿದರೆ ಏನು ಹೇಳಲಿ ಎನ್ನುತ್ತಾರೆ.

ಎಂಜಿನಿಯರ್: ಅವರ ಸಹಿಗಾಗಿ ಕಾಯಬೇಡಿ. ಎಸ್‌ಡಿಎಂಸಿ ಸಭೆ ಕರೆದು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಅದರ ಪ್ರತಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ ಸಹಾಯಕ ಕಾರ್ಯಪಾಲಕ ಎಂಜಿನಿಯರ್‌ಗೆ ಮತ್ತು ತಹಶೀಲ್ದಾರರಿಗೆ ಒಂದೇ ದಿನ ಅರ್ಜಿ ಕೊಡಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಬೀಳದೆ ಕಚೇರಿಯಿಂದ ಹೊರಡಬೇಡಿ. ‘ಶಾಲೆ ಶಿಥಿಲವಾಗಿದೆ, ಕ್ರಮ ಕೈಗೊಳ್ಳಿ’ ಎಂದು ಬರೆದರೆ ಅದು ಕಡತದಲ್ಲಿ ಮಲಗುತ್ತದೆ. ಯಾವ ಕೊಠಡಿ, ಎಷ್ಟನೇ ಚಪ್ಪಡಿ, ಗೀರಿನ ಉದ್ದ ಎಷ್ಟು, ಎಂದಿನಿಂದ ಪುಡಿ ಉದುರುತ್ತಿದೆ, ಎಷ್ಟು ಮಕ್ಕಳು ಕೂರುತ್ತಿದ್ದರು, ಯಾವ ದಿನ ಖಾಲಿ ಮಾಡಿಸಿದಿರಿ ಎಂದು ಬರೆಯಿರಿ. ಯಾರ ಮೇಲೂ ಆರೋಪ ಬೇಡ. ಕಟ್ಟಡದ ಮೇಲೆ ವರದಿ ಕೊಡಿ, ಮನುಷ್ಯರ ಮೇಲೆ ಅಲ್ಲ. ಆಗ ಮುಖ್ಯ ಶಿಕ್ಷಕಿಯ ಭಯವೂ ಕಡಿಮೆಯಾಗುತ್ತದೆ.

ತಹಶೀಲ್ದಾರರ ಅರ್ಜಿಯಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮನ್ನು ಹೆಸರಿಸಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 133ನೇ ಕಲಮಾಗಿತ್ತು. ಬಿದ್ದು ಜನರಿಗೆ ಗಾಯ ಮಾಡುವಂತಿರುವ ಕಟ್ಟಡವನ್ನು ತೆಗೆಸಲು, ದುರಸ್ತಿ ಮಾಡಿಸಲು ಅಥವಾ ಆಸರೆ ಕೊಡಿಸಲು ಕಾರ್ಯನಿರ್ವಾಹಕ ದಂಡಾಧಿಕಾರಿ ಆದೇಶಿಸಬಹುದು.

ಸ್ಥಳೀಯ ವರದಿಗಾರ: ಅರ್ಜಿ ಕೊಟ್ಟವರ ಚಪ್ಪಲಿ ಸವೆಯುತ್ತದೆ, ಅಷ್ಟೇ. ನನಗೆ ವಿಳಾಸ ಕೊಡಿ, ನಾಳೆ ಪ್ರಾರ್ಥನೆಯ ಹೊತ್ತಿಗೆ ಕ್ಯಾಮೆರಾ ತರುತ್ತೇನೆ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ್ದು ವಿಡಿಯೊ ಹೊರಬಂದ ಮೇಲಲ್ಲವೇ ಎಲ್ಲರಿಗೂ ತಿಳಿದದ್ದು?

ಸರ್ಕಾರಿ ಶಾಲಾ ಶಿಕ್ಷಕಿ: ನೀವು ತರಗತಿಯೊಳಗೆ ನುಗ್ಗಿ ಮಕ್ಕಳ ಮುಖಕ್ಕೆ ಮೈಕ್ ಹಿಡಿದು ‘ಭಯವಾಗುತ್ತದೆಯೇ’ ಎಂದು ಕೇಳುತ್ತೀರಿ. ಮರುದಿನ ಹತ್ತು ಮಕ್ಕಳು ಶಾಲೆಗೆ ಬರುವುದಿಲ್ಲ, ನೋಟಿಸ್ ನಮಗೆ ಬರುತ್ತದೆ. ಮೂರು ವರ್ಷ ನಾನು ಬರೆದ ಪತ್ರಗಳನ್ನು ಯಾರೂ ತೋರಿಸುವುದಿಲ್ಲ.

ಶಿಡ್ಲಘಟ್ಟದ ಪೋಷಕಿ: ಶಿಕ್ಷಕರ ಮಕ್ಕಳು ಆ ಚಾವಣಿಯ ಕೆಳಗೆ ಕೂತಿದ್ದರೆ ಮೂರು ವರ್ಷ ಆಗುತ್ತಿತ್ತೇ?

ಶಿಕ್ಷಕಿ: ನನ್ನ ಮಗ ನಾನು ಪಾಠ ಮಾಡುವ ಶಾಲೆಯಲ್ಲೇ ಓದುತ್ತಿದ್ದಾನೆ. ತಿಳಿಯದೆ ಮಾತನಾಡಬೇಡಿ.

ಸ್ಥಳೀಯ ವರದಿಗಾರ: ಪತ್ರ ಬರೆದು ಸುಮ್ಮನೆ ಕೂತದ್ದೂ ತಪ್ಪೇ.

ಚಿಂತಾಮಣಿಯ ಪೋಷಕ: ಎಲ್ಲಾ ಪಕ್ಷದವರೂ ಒಂದೇ. ಚುನಾವಣೆ ಬಂದಾಗ ಬಣ್ಣ ಹೊಡೆಸುತ್ತಾರೆ.

ನಿರ್ವಾಹಕರು: ರಾಜಕೀಯ ಬೇಡ.

ಎಂಜಿನಿಯರ್: ವರದಿಗಾರರೇ, ಸುದ್ದಿ ಮಾಡಿ, ಖಂಡಿತ ಮಾಡಿ. ಶಿಕ್ಷಕಿಯ ಮೂರು ವರ್ಷದ ಪತ್ರಗಳನ್ನು ಓದಿ ಮಾಡಿ. ಪರೀಕ್ಷಾ ವರದಿಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ, ಸಾಮಾನ್ಯವಾಗಿ 30 ದಿನ, ಜೀವಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆ. ಯುಡೈಸ್ ಎಂಬ ಸರ್ಕಾರಿ ಶಾಲಾ ಮಾಹಿತಿ ದಾಖಲೆಯಲ್ಲಿ ಶಾಲೆಯ ಎಷ್ಟು ಕೊಠಡಿಗಳಿಗೆ ಸಣ್ಣ ದುರಸ್ತಿ, ಎಷ್ಟಕ್ಕೆ ದೊಡ್ಡ ದುರಸ್ತಿ ಬೇಕೆಂದು ತುಂಬಿಸಿರುತ್ತಾರೆ. ಅದನ್ನು ಕಣ್ಣೆದುರಿನ ಚಾವಣಿಯೊಂದಿಗೆ ಹೋಲಿಸಿದರೆ ಅದೇ ದೊಡ್ಡ ಸುದ್ದಿ. ಆದರೆ ಗೀರು ಬಿದ್ದ ಚಪ್ಪಡಿಯ ಕೆಳಗೆ ಮಕ್ಕಳನ್ನು ಮತ್ತೆ ಕೂರಿಸಿ ಚಿತ್ರ ತೆಗೆಯಬಾರದು. ನೀವೂ ಒಳಗೆ ಹೋಗಬಾರದು.

ಚಿಕ್ಕಬಳ್ಳಾಪುರದ ಸದಸ್ಯ: 2021ರ ಡಿಸೆಂಬರ್‌ನಲ್ಲಿ ನಮ್ಮಲ್ಲಿ ಭೂಮಿ ನಡುಗಿತಲ್ಲ, ಬಿರುಕುಗಳಿಗೆ ಅದೇ ಕಾರಣವಂತೆ. ಮುಂದಿನ ಅಮಾವಾಸ್ಯೆಗೆ ದೊಡ್ಡದು ಬರುತ್ತದೆ ಎಂದು ಸಂದೇಶ ಬಂದಿದೆ.

ಎಂಜಿನಿಯರ್: ಡಿಸೆಂಬರ್ 22ರ ಆ ಎರಡು ಕಂಪನಗಳ ತೀವ್ರತೆ 2.9 ಮತ್ತು 3.0. ಗಟ್ಟಿ ಕಟ್ಟಡವನ್ನು ಅವು ಏನೂ ಮಾಡುವುದಿಲ್ಲ. ಭೂಕಂಪದ ದಿನಾಂಕವನ್ನು ಮುಂಚೆ ಹೇಳಬಲ್ಲವರು ಭೂಮಿಯ ಮೇಲೆ ಯಾರೂ ಇಲ್ಲ. ಆ ಸಂದೇಶ ಅಳಿಸಿ.

ಹೊಸ ಸದಸ್ಯ: (ಈ ಸಂದೇಶವನ್ನು ನಿರ್ವಾಹಕರು ಅಳಿಸಿದ್ದಾರೆ)

ಎಂಜಿನಿಯರ್: ಅಳಿಸಿದ್ದು ಸರಿಯಾಯಿತು. ಹೊಸ ಸದಸ್ಯರೇ, ಇದು ನನ್ನ ಕ್ಷೇತ್ರವಲ್ಲ, ಆದರೂ ಸುಮ್ಮನಿರಲಾರೆ. ಮಗುವಿನ ತರಗತಿ, ಊರು, ತಂದೆಯ ಕೆಲಸ ಎಲ್ಲವನ್ನೂ ಬರೆದಿದ್ದಿರಿ. ಅಷ್ಟರಿಂದಲೇ ಮಗು ಯಾರೆಂದು ಇಡೀ ಹೋಬಳಿಗೆ ಗೊತ್ತಾಗುತ್ತದೆ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕವರು ಪೊಲೀಸರಿಗೆ ತಿಳಿಸಲೇಬೇಕು ಎಂದು ಪೋಕ್ಸೊ ಕಾಯ್ದೆಯ 19ನೇ ಕಲಮು ಹೇಳುತ್ತದೆ. ಗುಂಪಿಗೆ ತಿಳಿಸಿದರೆ ಆ ಹೊಣೆ ತೀರುವುದಿಲ್ಲ. ಈಗಲೇ 1098ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಇಲ್ಲಿ ಇನ್ನೊಂದು ಅಕ್ಷರವೂ ಬೇಡ.

ಬಾಗೇಪಲ್ಲಿಯ ಸದಸ್ಯ: ಯಾವ ಊರು ಅದು? ಅಳಿಸುವ ಮೊದಲು ಓದಲು ಆಗಲಿಲ್ಲ.

ನಿರ್ವಾಹಕರು: ಇನ್ನೊಮ್ಮೆ ಕೇಳಿದರೆ ಗುಂಪಿನಿಂದ ತೆಗೆಯುತ್ತೇನೆ.

ಗೌರಿಬಿದನೂರಿನ ಪೋಷಕಿ: ಕಾಂಪೌಂಡ್ ಬಗ್ಗೆ ಕೇಳಿದ್ದೆ.

ಬಿಸಿಯೂಟದ ಅಡುಗೆ ಸಹಾಯಕಿ: ನಮ್ಮ ಅಡುಗೆ ಕೋಣೆ ತರಗತಿಗೆ ಅಂಟಿಕೊಂಡಿದೆ, ಗ್ಯಾಸ್ ಸಿಲಿಂಡರ್ ಒಳಗೇ ಇಡುತ್ತೇವೆ. ಹೊರಗೆ ಇಟ್ಟರೆ ಕಳುವಾಗುತ್ತದೆ.

ಎಂಜಿನಿಯರ್: ನೀವು ಕೇಳಿದ್ದು ಒಳ್ಳೆಯದಾಯಿತು ತಾಯಿ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಅಡುಗೆ ಕೋಣೆಯ ಬೆಂಕಿ ಗರಿಯ ಚಾವಣಿಗೆ ಹಬ್ಬಿ 94 ಮಕ್ಕಳು ತೀರಿಕೊಂಡರು. ಸಿಲಿಂಡರ್ ಗೋಡೆಯ ಹೊರಗೆ, ಗಾಳಿಯಾಡುವ ಜಾಲರಿಯ ಪೆಟ್ಟಿಗೆಯಲ್ಲಿ, ಬೀಗ ಹಾಕಿ ನೇರವಾಗಿ ನಿಲ್ಲಿಸಿರಬೇಕು. ಕೊಳವೆಯ ಮೇಲೆ ಬರೆದಿರುವ ಅವಧಿ ನೋಡಿ. ಅಡುಗೆ ಕೋಣೆಗೆ ಹೊಂದಿದ ತರಗತಿಯ ಬಾಗಿಲಿನ ಮುಂದೆ ಅಕ್ಕಿ ಮೂಟೆ ಇಡಬೇಡಿ. ಪೆಟ್ಟಿಗೆಯ ಖರ್ಚನ್ನು ಎಸ್‌ಡಿಎಂಸಿ ಕೊಡಲಿ.

ಚೇಳೂರಿನ ಪೋಷಕ: ಗೋಡೆಯ ಬಿರುಕು ಅಪಾಯವೇ, ಸರ್?

ಎಂಜಿನಿಯರ್: ಮೇಲೆ ಓದಿ.

ಚೇಳೂರಿನ ಪೋಷಕ: ಒಂದು ಸಾಲಿನಲ್ಲಿ ಹೇಳಲು ಆಗುವುದಿಲ್ಲವೇ? ಇಷ್ಟು ಕೋಪವಿದ್ದರೆ ಉತ್ತರಿಸಲು ಯಾಕೆ ಬರಬೇಕು?

ಎಂಜಿನಿಯರ್: ಒಂದು ಸಾಲಿನಲ್ಲಿ ಹೇಳಿದರೆ ಯಾರದೋ ಮಗುವಿನ ಮೇಲೆ ಬೀಳುತ್ತದೆ. ಚಿತ್ರ ಕಳುಹಿಸಿ, ನೋಡುತ್ತೇನೆ.

ಸ್ಥಳೀಯ ವರದಿಗಾರ: ಶಿಕ್ಷಕಿಯವರೇ, ನಿಮ್ಮ ಪತ್ರಗಳ ಪ್ರತಿ ಇದ್ದರೆ ಕೊಡಿ.

ಶಿಕ್ಷಕಿ: ಇವೆ. ನಿಮಗೆ ಕೊಡಬೇಕೋ ಬೇಡವೋ ಯೋಚಿಸುತ್ತೇನೆ.

ಗುಡಿಬಂಡೆ ಸದಸ್ಯ: ಸರ್, ಈಗ ಶಾಲೆಯ ಹತ್ತಿರದಿಂದ ಬರೆಯುತ್ತಿದ್ದೇನೆ. ಮುಖ್ಯ ಶಿಕ್ಷಕಿಯೂ ಬಂದಿದ್ದಾರೆ. ಕೊಠಡಿಗೆ ಬೀಗ ಹಾಕಿದೆವು, ಕೀಲಿ ನನ್ನ ಬಳಿ ಇದೆ. ನಾಳೆಯಿಂದ ನಾಲ್ಕು ಮತ್ತು ಐದನೇ ತರಗತಿಗೆ ಸಮುದಾಯ ಭವನ ಕೊಡುತ್ತೇವೆ ಎಂದು ಪಂಚಾಯಿತಿಯವರು ಒಪ್ಪಿದ್ದಾರೆ. ಕಪ್ಪುಹಲಗೆ, ಬೆಂಚುಗಳು ಒಳಗೆ ಉಳಿದಿವೆ. ಬೆಳಿಗ್ಗೆ ನಾಲ್ಕು ಜನ ಹೋಗಿ ಬೇಗ ತಂದುಬಿಡುತ್ತೇವೆ.

ಎಂಜಿನಿಯರ್: ಬೇಡ. ಬೆಂಚುಗಳು ಅಲ್ಲೇ ಇರಲಿ. ಎಂಜಿನಿಯರ್ ಬಂದು ಚಾವಣಿಗೆ ಆಸರೆ ಕೊಡಿಸುವವರೆಗೆ ಆ ಕೀಲಿಯನ್ನು ಯಾರಿಗೂ ಕೊಡಬೇಡಿ.