ನಮೋವಾ ಹಡಗಿನ ಕಡಲ್ಗಳ್ಳರು: ತಲೆ ಕಡಿಸಿದ್ದು ಬ್ರಿಟಿಷರೇ?

ಪ್ರಶ್ನೆ: ಸರ್, 1891ರ ಫೋಟೊ ಒಂದು ಓಡಾಡುತ್ತಿದೆ. ಹಾಂಗ್‌ಕಾಂಗ್ ದ್ವೀಪದ ಎದುರಿನ ಕೌಲೂನ್‌ನ ಕಡಲದಂಡೆಯಲ್ಲಿ ತಲೆ ಕಡಿದ ಹೆಣಗಳು, ಹಿಂದೆ ಹ್ಯಾಟು ತೊಟ್ಟ ಬಿಳಿಯರು. ‘ನಮೋವಾ’ ಹಡಗು ದೋಚಿದವರಂತೆ. ಹಾಂಗ್‌ಕಾಂಗ್‌ನ ಬ್ರಿಟಿಷ್ ಕೋರ್ಟು ಇಂಥ ಶಿಕ್ಷೆ ಕೊಡುತ್ತಿತ್ತೇ?

ಉತ್ತರ (ಕಡಲ ಕಾನೂನಿನ ವಕೀಲರು): ಇಲ್ಲ. ಬ್ರಿಟಿಷ್ ಕೋರ್ಟಿನಲ್ಲಾಗಿದ್ದರೆ ಗಲ್ಲು. ತಲೆ ಕಡಿಸಿದ್ದು ಚೀನಾದ ಅಧಿಕಾರಿಗಳು. ಕೌಲೂನ್‌ನ ದಕ್ಷಿಣ ತುದಿ 1860ರಲ್ಲೇ ಬ್ರಿಟಿಷರ ಪಾಲಾಗಿತ್ತು, ಆದರೆ ಹಳೆಯ ಕೌಲೂನ್ ಪೇಟೆ ಆಗಿನ್ನೂ ಚೀನಾದ್ದು.

1890ರ ಡಿಸೆಂಬರ್ 10ರಂದು ಹಾಂಗ್‌ಕಾಂಗ್‌ನಿಂದ ಚೀನಾದ ಸ್ವಾತೋವ್ ಬಂದರಿಗೆ ಹೊರಟ ಹಡಗದು. ಕಳ್ಳರು ಪ್ರಯಾಣಿಕರ ಸೋಗಿನಲ್ಲೇ ಹತ್ತಿದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ಮೇಲೆಬಿದ್ದು, ಕಪ್ತಾನ ಪೋಕಾಕ್‌ನನ್ನು ಕೊಂದು, ಮಾಲನ್ನು ಜಂಕ್ ಎಂಬ ಚೀನೀ ಹಾಯಿದೋಣಿಗಳಿಗೆ ಇಳಿಸಿಕೊಂಡು ಚೀನಾದ ದಡ ಸೇರಿದರು. ತಿರುವು ಇರುವುದೇ ಇಲ್ಲಿ. ಹಡಗು ಬ್ರಿಟಿಷರದಾದರೂ ಆರೋಪಿಗಳು ಚೀನಾದ ಪ್ರಜೆಗಳು, ಸಿಕ್ಕಿದ್ದು ಚೀನಾದ ನೆಲದಲ್ಲಿ. ಬ್ರಿಟನ್ ಮತ್ತು ಚೀನಾ ನಡುವಿನ 1858ರ ಟಿಯೆನ್‌ಸಿನ್ ಒಪ್ಪಂದದ 19ನೇ ವಿಧಿಯಂತೆ, ಚೀನಾದ ನೀರಿನಲ್ಲಿ ಬ್ರಿಟಿಷ್ ಹಡಗು ದರೋಡೆಯಾದರೆ ಕಳ್ಳರನ್ನು ಹಿಡಿದು ದಂಡಿಸುವ, ಮಾಲು ಹುಡುಕಿಸುವ ಹೊಣೆ ಚೀನಾದ ಅಧಿಕಾರಿಗಳದು. ಕೈಗೆ ಸಿಕ್ಕವರನ್ನು ಅವರು ತಮ್ಮ ಕಾನೂನಿನಂತೆಯೇ ಮುಗಿಸಿದರು.

ಪ್ರಶ್ನೆ: ಹಾಂಗ್‌ಕಾಂಗ್‌ನಲ್ಲೇ ಸಿಕ್ಕಿದ್ದರೆ?

ಉತ್ತರ: ಆಗ ಎರಡು ದಾರಿ. ಅದೇ ಒಪ್ಪಂದದ 21ನೇ ವಿಧಿಯಡಿ ಚೀನಾ ವಿಧಿವತ್ತಾಗಿ ಕೇಳಿ, ಅಪರಾಧಕ್ಕೆ ಪುರಾವೆ ಇದ್ದರೆ ಒಪ್ಪಿಸಬಹುದು. ಇಲ್ಲವೇ ಅಲ್ಲೇ ಜ್ಯೂರಿ ವಿಚಾರಣೆ. ನಡುಗಡಲಿನ ಅಪರಾಧಗಳನ್ನು ವಿಚಾರಿಸುವ ಅಧಿಕಾರ ವಸಾಹತು ಕೋರ್ಟುಗಳಿಗೆ 1849ರ ಕಾಯ್ದೆಯಿಂದಲೇ ಬಂದಿತ್ತು. 1837ರ ಕಾಯ್ದೆಯಂತೆ ಕಡಲ್ಗಳ್ಳತನದ ಜೊತೆ ಕೊಲ್ಲುವ ಉದ್ದೇಶದ ಹಲ್ಲೆ, ಇರಿತ ಅಥವಾ ಜೀವಕ್ಕೆ ಅಪಾಯ ತರುವ ಕೃತ್ಯ ಸೇರಿದರೆ ಮಾತ್ರ ಮರಣದಂಡನೆ. ಹಾಗಾಗಿ ಆರೋಪಿ ಅಂಥ ಕೃತ್ಯದಲ್ಲಿ ಇದ್ದನೆಂಬುದಕ್ಕೆ ಸಾಕ್ಷಿ ಬೇಕು. ಎಲ್ಲರನ್ನೂ ಕ್ಯಾಬಿನ್‌ಗೆ ದೂಡಿ ಕೂಡಿಹಾಕಿದ್ದ ಹಡಗಿನಲ್ಲಿ ಅಂಥ ಸಾಕ್ಷಿ ಸಿಗುವುದು ಎಷ್ಟು ಕಷ್ಟ, ನೀವೇ ಊಹಿಸಿ.

ಒಪ್ಪಿಸುವುದೂ ಸಲೀಸಲ್ಲ. 1870ರಲ್ಲಿ ಕ್ವೋಕ್ ಎ ಸಿಂಗ್ ಎಂಬ ಕೂಲಿಯಾಳು ಫ್ರೆಂಚ್ ಹಡಗಿನಲ್ಲಿ ಕಪ್ತಾನನನ್ನು ಕೊಂದ ಗುಂಪಿನಲ್ಲಿದ್ದನೆಂಬ ಆರೋಪವಿತ್ತು. ಫ್ರೆಂಚ್ ಹಡಗಿನಲ್ಲಿ ಫ್ರೆಂಚರನ್ನು ಕೊಂದದ್ದು ಚೀನಾದ ಕಾನೂನಿನಡಿ ಅಪರಾಧವೆಂದು ಸಿದ್ಧವಾಗಿಲ್ಲ, ಚೀನಾಕ್ಕೆ ಒಪ್ಪಿಸುವಂತಿಲ್ಲ. ಆದರೆ ಕಡಲ್ಗಳ್ಳತನಕ್ಕಾಗಿ ಹಾಂಗ್‌ಕಾಂಗ್‌ನಲ್ಲೇ ವಿಚಾರಿಸಬಹುದು ಎಂದು 1873ರಲ್ಲಿ ವಸಾಹತುಗಳ ಕೊನೆಯ ಮೇಲ್ಮನವಿ ಪೀಠವಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ಹೇಳಿತು.

ಉತ್ತರ (ಕಾನೂನು ಉಪನ್ಯಾಸಕಿ): ಇನ್ನೊಂದು ತೊಡಕು ಸೇರಿಸುತ್ತೇನೆ. 1931ರಲ್ಲಿ ಜಂಕ್ ಒಂದನ್ನು ದೋಚಲು ಬೆನ್ನಟ್ಟಿದವರನ್ನು ಹಿಡಿದು ಹಾಂಗ್‌ಕಾಂಗ್‌ಗೆ ತಂದರು. ದರೋಡೆಯೇ ನಡೆದಿಲ್ಲ, ಹಾಗಾಗಿ ಕಡಲ್ಗಳ್ಳತನ ಆಗದು ಎಂದು ಅಲ್ಲಿನ ಪೂರ್ಣಪೀಠ ಬಿಟ್ಟುಬಿಟ್ಟಿತು. ವಿಫಲ ಯತ್ನವೂ ಕಡಲ್ಗಳ್ಳತನವೇ ಎಂದು ಪ್ರಿವಿ ಕೌನ್ಸಿಲ್ ಸ್ಪಷ್ಟಪಡಿಸಿದ್ದು 1934ರಲ್ಲಿ. ಬಿಡುಗಡೆಯಾದವರಿಗೆ ಅದರಿಂದ ಏನೂ ಆಗಲಿಲ್ಲ!

ಪ್ರಶ್ನೆ: ಈಗ ನಡೆದರೆ ಭಾರತದ 2022ರ ಕಡಲ್ಗಳ್ಳತನ ವಿರೋಧಿ ಕಾಯ್ದೆ ಹಾಕಬಹುದೇ ಮೇಡಂ?

ಉತ್ತರ: ನಮೋವಾ ಮಾದರಿಗೆ ಕಷ್ಟ. ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯ 101ನೇ ವಿಧಿಗೆ ಎರಡು ಹಡಗು ಬೇಕು: ಒಂದರಿಂದ ಬಂದು ಇನ್ನೊಂದರ ಮೇಲೆ ಬೀಳಬೇಕು. ನಮ್ಮ ಕಾಯ್ದೆಯ ವ್ಯಾಖ್ಯೆಯ ಬುಡವೂ ಅದೇ. ಒಳಗಿನ ಪ್ರಯಾಣಿಕರೇ ಹಡಗು ವಶಪಡಿಸಿಕೊಂಡರೆ ನೋಡಬೇಕಾದದ್ದು ಹಡಗು ಸಂಚಾರದ ಸುರಕ್ಷತೆಗೆ ಸಂಬಂಧಿಸಿದ 2002ರ ಕಾಯ್ದೆ. ಅದರ ಹಿಂದಿರುವ 1988ರ ಒಡಂಬಡಿಕೆ ಹುಟ್ಟಿದ್ದೇ 1985ರಲ್ಲಿ ಇಟಲಿಯ ‘ಅಕಿಲೆ ಲೌರೊ’ ಹಡಗನ್ನು ಪ್ರಯಾಣಿಕರಾಗಿ ಹತ್ತಿದವರೇ ಅಪಹರಿಸಿದ ಮೇಲೆ. ಆದ್ದರಿಂದ ದೂರು ಬರೆಯುವಾಗ ಆರೋಪಿ ಎಲ್ಲಿಂದ ಹತ್ತಿದ, ಟಿಕೆಟ್ ಇತ್ತೇ ಎಂಬುದು ಮೊದಲ ಸಾಲಿನಲ್ಲೇ ಇರಲಿ.