ಅಜ್ಜನ ಕಾಲದ ಐಸ್ ಪೆಟ್ಟಿಗೆಯಲ್ಲಿ ಕುಡಿಯುವ ನೀರು ತಂಪಾಗುತ್ತದಾ?

ವಿಜಯಪುರದವ: ಅಟ್ಟದ ಮೇಲೆ ಕಟ್ಟಿಗೆಯ ಹಳೇ ಐಸ್ ಪೆಟ್ಟಿಗೆ ಸಿಕ್ಕಿದೆ, ಒಳಗೆ ಸತುವಿನ ತಗಡು, ತಳದಲ್ಲಿ ಕರಗಿದ ನೀರು ಹೋಗಲು ಸಣ್ಣ ಕೊಳವೆ. ಬೇಸಿಗೆಯಲ್ಲಿ ಕರೆಂಟ್ ಹೋದರೆ ನಮ್ಮ ಫ್ರಿಜ್ ಸುಮ್ನೆ ಒಂದು ಕಪಾಟು. ಇದರಲ್ಲಿ ನೀರು ಇಡಬಹುದಾ? ಐಸ್ ಎಷ್ಟು ಬೇಕು?

ಬಾಗಲಕೋಟೆ ಅಕ್ಕ: ಇಡು ತಮ್ಮಾ. ಆದರೆ ಫ್ಯಾಕ್ಟರಿ ಐಸ್ ನೀರಿಗೆ ಹಾಕಬೇಡ, ಅದನ್ನು ಯಾವ ನೀರಿನಿಂದ ಮಾಡಿರುತ್ತಾರೋ ಏನೋ. ಮುಚ್ಚಳ ಇರುವ ಸ್ಟೀಲ್ ಡಬ್ಬಿಗೆ ನೀರು ತುಂಬಿ ಐಸಿಗೆ ತಾಗುವಂತೆ ಇಡು. ಕೊಳವೆ ಕಟ್ಟಿಕೊಂಡಿದ್ದರೆ ಮೊದಲು ತೊಳೆ, ಇಲ್ಲದಿದ್ದರೆ ವಾಸನೆ!

ಲೆಕ್ಕದ ಮಾಸ್ತರ: 1 ಕೆಜಿ ಐಸ್ ಕರಗಿದರೆ ಸುಮಾರು 8 ಲೀಟರ್ ನೀರು 10 ಡಿಗ್ರಿ ತಂಪಾಗುತ್ತದೆ. ಇದು ಕಾಗದದ ಲೆಕ್ಕ ಅಷ್ಟೇ, ಪೆಟ್ಟಿಗೆಯೂ ತಣ್ಣಗಾಗಬೇಕು, ಮಕ್ಕಳು ಹತ್ತು ಸಲ ಬಾಗಿಲು ತೆಗೆಯುತ್ತಾರೆ, ಹಾಗಾಗಿ ಎರಡು ಪಟ್ಟು ತನ್ನಿ. ಮೇಲಿನ ಖಾನೆಯಲ್ಲೇ ಇಡಿ, ತಣ್ಣನೆ ಗಾಳಿ ಕೆಳಗಿಳಿಯುತ್ತದೆ. ಗೋಣಿಚೀಲ ಸುತ್ತಿದರೆ ಐಸ್ ಜಾಸ್ತಿ ಹೊತ್ತು ಉಳಿಯುತ್ತದೆ ನಿಜ, ಆದರೆ ಕರಗದೆ ನೀರು ತಂಪಾಗುವುದಾದರೂ ಹೇಗೆ?

ಬೆಳಗಾವಿಯವ: ನಿಮ್ಮ ಒಣ ಬಿಸಿಲಿಗೆ ಮಣ್ಣಿನ ಹರವಿಯೇ ಸಾಕಲ್ವಾ? ಗಾಳಿ ಆಡುವ ಕಡೆ ಇಡಿ. ಆ ಪೆಟ್ಟಿಗೆ ಬೇಡವಾದರೆ ನನಗೆ ಕೊಡ್ರಿ.