ಸಹಾಯ ಬೇಕು: ಸ್ಪ್ಯಾನಿಷ್ ಓದಬಲ್ಲವರು ಇದ್ದೀರಾ?

ಸ್ನೇಹಿತರೇ, ಡಬ್ಲಿನ್‌ನ ಫುಟ್‌ಬಾಲ್ ಆಟಗಾರ ಪ್ಯಾಟ್ರಿಕ್ ಓಕಾನೆಲ್ ಬಗ್ಗೆ ಲೇಖನ ಬರೆಯಲು ಹೊರಟು ಅರ್ಧದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಆಟದ ದಿನಗಳ ವಿವರ ಸಿಕ್ಕಿದೆ. 1915ರ ಗುಡ್ ಫ್ರೈಡೇ ದಿನ ಮ್ಯಾಂಚೆಸ್ಟರ್ ಯುನೈಟೆಡ್ ತಂಡ ಲಿವರ್‌ಪೂಲ್ ವಿರುದ್ಧ 2-0ರಿಂದ ಗೆದ್ದ ಕುಖ್ಯಾತ ಪಂದ್ಯದಲ್ಲಿ (ಫಲಿತಾಂಶ ಮೊದಲೇ ಕುದುರಿತ್ತು) ಪೆನಾಲ್ಟಿ ಒದ್ದವರು ಇವರೇ. ಚೆಂಡು ಗೋಲಿನ ಹೊರಗೆ ಹೋಯಿತು. ನಿಷೇಧಕ್ಕೊಳಗಾದ ಏಳು ಆಟಗಾರರಲ್ಲಿ ಇವರ ಹೆಸರಿಲ್ಲ! ನನಗಂತೂ ಅನುಮಾನ ಹೋಗಿಲ್ಲ.

ತೊಡಕಿರುವುದು ಸ್ಪೇನ್ ಅಧ್ಯಾಯದಲ್ಲಿ. 1935ರ ಏಪ್ರಿಲ್ 28ರಂದು ಇವರ ತರಬೇತಿಯಲ್ಲಿದ್ದ ಬೆಟಿಸ್ ತಂಡ ಸಾಂತಾಂದೇರ್‌ಗೆ ಹೋಗಿ ರೇಸಿಂಗ್ ತಂಡವನ್ನು 5-0ರಿಂದ ಬಗ್ಗುಬಡಿದು ಲೀಗ್ ಗೆದ್ದಿತು. ಸೋತದ್ದು ಇವರೇ ಹಿಂದೆ ತರಬೇತಿ ನೀಡಿದ್ದ ತಂಡ. ಮುಂದೆ 1937ರಲ್ಲಿ, ಅಂತರ್ಯುದ್ಧದ ನಡುವೆ, ಬಾರ್ಸಿಲೋನಾ ತಂಡವನ್ನು ಮೆಕ್ಸಿಕೊ ಮತ್ತು ಅಮೆರಿಕ ಪ್ರವಾಸಕ್ಕೆ ಕರೆದೊಯ್ದರು. ಕ್ಲಬ್ ಉಳಿದದ್ದು ಆ ದುಡ್ಡಿನಿಂದ.

ಆ ದಿನಗಳ ಪತ್ರಿಕೆಗಳ ಮಸುಕು ಪುಟಗಳು ಅಂತರ್ಜಾಲದಲ್ಲಿವೆ. ಅನುವಾದ ತಂತ್ರಾಂಶವೋ ಗೋಲ್‌ಕೀಪರನನ್ನು ‘ದ್ವಾರಪಾಲಕ’ ಮಾಡಿಟ್ಟಿದೆ. ಎರಡು ಪುಟ ಓದಿ ಸಾರಾಂಶ ಹೇಳಬಲ್ಲವರು ದಯವಿಟ್ಟು ಇಲ್ಲಿಯೇ ತಿಳಿಸಿ, ಚಿತ್ರಗಳನ್ನು ಕಳುಹಿಸುತ್ತೇನೆ. ಅವಸರವಿಲ್ಲ, ತಿಂಗಳಾದರೂ ಕಾಯುತ್ತೇನೆ.